ಆಪರೇಷನ್ ಥಿಯೇಟರಿನಲ್ಲಿ (ಓಟಿ) ಸೋಂಕು ತಡೆ: ನಿಯಮ ರೂಢಿಗೆ ಬರುವುದು ಹೇಗೆ?

ಆಪರೇಷನ್ ಗಾಯ ಕೀವಾಯಿತು ಅಂದರೆ ಮೇಲಿನವರು ಮೊದಲು ಮಾಡುವುದು ಸ್ಟಾಫಿಗೆ ಇನ್ನೊಂದು ಕ್ಲಾಸ್. ಓಟಿ ಸಿಸ್ಟರ್ ಆಗಿ ನಾನು ನೋಡಿದ ಹಾಗೆ, ನಿಯಮ ಎಲ್ಲರಿಗೂ ಬಾಯಿಪಾಠ. ಬೇಕಾದ ಸಾಮಾನು ಕೈಗೆ ಸಿಗುವುದಿಲ್ಲ, ಇಲ್ಲಾ ಅದು ಯಾರ ಕೆಲಸ ಅಂತ ಇತ್ಯರ್ಥ ಆಗಿರುವುದಿಲ್ಲ. ಆದ್ದರಿಂದ ಒಂದೇ ಒಂದು ನಿಯಮ ಹಿಡಿದು ಶುರು ಮಾಡಿ.

ನಾನಾದರೆ ಶೇವಿಂಗ್‌ನಿಂದ ಶುರು ಮಾಡುತ್ತೇನೆ. ಬ್ಲೇಡ್ ಆಡಿಸಿದರೆ ಚರ್ಮದ ಮೇಲೆ ಸಣ್ಣ ಸಣ್ಣ ಗೀರು ಬೀಳುತ್ತವೆ, ರೋಗಾಣುಗಳಿಗೆ ಅಷ್ಟು ಸಾಕು. ಕೂದಲು ತೆಗೆಯಬೇಡಿ, ತೆಗೆಯಲೇಬೇಕಿದ್ದರೆ ಕ್ಲಿಪ್ಪರ್ (ಚರ್ಮಕ್ಕೆ ತಾಗದ ಹಾಗೆ ಕೂದಲು ಕತ್ತರಿಸುವ ಮಷೀನು) ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಆದರೂ ಹಿಂದಿನ ರಾತ್ರಿ ವಾರ್ಡಿನಲ್ಲಿ ಬ್ಲೇಡ್ ಓಡುತ್ತಲೇ ಇರುತ್ತದೆ. ಯಾಕೆ ಅಂತ ಹುಡುಕಿ. ರೋಗಿ ಕಡೆಯವರಿಗೆ ಮೆಡಿಕಲ್‌ನಿಂದ ತರಲು ಬರೆದುಕೊಡುವ ಚೀಟಿಯಲ್ಲಿ ರೇಜರ್ ಇದೆಯಾ? ಮೊದಲು ಅದನ್ನು ಹೊಡೆದುಹಾಕಿ. ಕ್ಲಿಪ್ಪರ್ ಮತ್ತು ಒಬ್ಬೊಬ್ಬರಿಗೆ ಒಂದರಂತೆ ಬಿಸಾಡುವ ಹೆಡ್ ತರಿಸಿ. ಚಾರ್ಜಿಗೆ ಹಾಕುವ ಕೆಲಸ ನೈಟ್ ಡ್ಯೂಟಿಯವರಿಗೆ ವಹಿಸಿ. ಹಳೇ ಆಯಾಗಳು “ಕೂದಲಿದ್ರೆ ಡಾಕ್ಟ್ರು ಬೈತಾರಮ್ಮ” ಅನ್ನುತ್ತಾರೆ. ಆ ಹೆದರಿಕೆ ನಿಜವಾದದ್ದೇ. ಸರ್ಜನ್ ತಾವೇ ವಾರ್ಡಿಗೆ ಬಂದು “ಬೈಯಲ್ಲ” ಅನ್ನಬೇಕು. ನಾವು ನೂರು ಸಲ ಹೇಳಿದರೂ ಆ ತೂಕ ಬರಲ್ಲ.

ಸೋಂಕು ಬಾರದಿರಲಿ ಅಂತ ಆಪರೇಷನ್‌ಗೆ ಮುಂಚೆ ಕೊಡುವ ಆಂಟಿಬಯಾಟಿಕ್‌ದು ಬೇರೆ ಕಥೆ. ವಾರ್ಡಿನವರು ಓಟಿಯಲ್ಲಿ ಕೊಡ್ತಾರೆ ಅಂದುಕೊಳ್ಳುತ್ತಾರೆ, ಓಟಿಯವರು ವಾರ್ಡಲ್ಲಿ ಆಯ್ತು ಅಂದುಕೊಳ್ಳುತ್ತಾರೆ. ಇಲ್ಲಾ ಬೆಳಿಗ್ಗೆ 8ಕ್ಕೆ ಕೊಟ್ಟು, ಕೇಸು 12ಕ್ಕೆ ಒಳಗೆ ಹೋಗುತ್ತದೆ. ಸೆಫಜೋಲಿನ್ ಅನ್ನುವ ಆಂಟಿಬಯಾಟಿಕ್ ಆದರೆ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಹೋಗಬೇಕು. ಅನಸ್ತೇಶಿಯಾ ಡಾಕ್ಟರೇ ಟೇಬಲ್ ಹತ್ತಿರ ಕೊಡಲಿ, ಟೈಮ್‌ಔಟ್‌ನಲ್ಲಿ (ಕೊಯ್ಯುವ ಮುಂಚೆ ಎಲ್ಲರೂ ನಿಂತು ಒಮ್ಮೆ ಸರಿನೋಡುವ ಹೊತ್ತು) ಎಷ್ಟು ಗಂಟೆಗೆ ಕೊಟ್ಟೆ ಅಂತ ಗಟ್ಟಿಯಾಗಿ ಹೇಳಲಿ. ಆಪರೇಷನ್ ಆದಮೇಲೂ ಐದು ದಿನ ಇಂಜೆಕ್ಷನ್ ಬರೆಯುವ ಚಟ ಮಾತ್ರ ಬೇಗ ಬಿಡಲ್ಲ. ಒಪ್ಪುವ ಒಬ್ಬ ಸರ್ಜನ್ ಹಿಡಿದುಕೊಂಡು ನಿಧಾನಕ್ಕೆ ಹೋಗಿ.

ದೊಡ್ಡ ಡಾಕ್ಟರನ್ನು ಚಿಕ್ಕ ಸಿಸ್ಟರ್ ತಡೆಯೋದು ಹೇಗೆ? ಮಾತನ್ನು ಮೊದಲೇ ಕಲಿಸಿಡಿ. ಹೊಟ್ಟೆಯ ಚರ್ಮಕ್ಕೆ ರೋಗಾಣು ಕೊಲ್ಲುವ, ಸ್ಪಿರಿಟ್ ಇರುವ ಕ್ಲೋರ್‌ಹೆಕ್ಸಿಡಿನ್ ಔಷಧಿ ಬಳಿದಿದ್ದಾರೆ, ಇನ್ನೂ ಒಣಗಿಲ್ಲ, ಸರ್ಜನ್ ಚಾಕುವಿಗೆ ಕೈ ಚಾಚಿದ್ದಾರೆ. “ಸಾರ್, ಇನ್ನೂ ಒದ್ದೆ ಇದೆ” ಅಂದರೆ ಸಾಕು. ತಪ್ಪು ಯಾರ ಮೇಲೂ ಬರಲ್ಲ. ಒದ್ದೆಯಲ್ಲಿ ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಾಧನ) ಹಚ್ಚಿದರೆ ಬೆಂಕಿಯೂ ಹೊತ್ತಬಹುದು, ಅದು ನೆನಪಾದರೆ ಅವರೇ ನಿಲ್ಲುತ್ತಾರೆ.

ಕೈ ತೊಳೆಯುವುದನ್ನು ಎದುರು ನಿಂತು ಎಣಿಸಿದ ಲೆಕ್ಕ ಒಂದನ್ನೇ ನಂಬಬೇಡಿ. ನೀವು ಪುಸ್ತಕ ಹಿಡಿದು ನಿಂತರೆ ಎಲ್ಲರೂ ತೊಳೆಯುತ್ತಾರೆ, ಅಲ್ವಾ? ತಿಂಗಳಿಗೆ ಹ್ಯಾಂಡ್‌ರಬ್ (ಕೈಗೆ ಉಜ್ಜುವ ಸ್ಪಿರಿಟ್ ದ್ರವ) ಎಷ್ಟು ಖರ್ಚಾಯಿತು ಅಂತ ಸ್ಟೋರಿನ ಲೆಕ್ಕವನ್ನೂ ನೋಡಿ.

ಎಷ್ಟೋ ಗಾಯ ಕೀವಾಗುವುದು ಮನೆಗೆ ಹೋದಮೇಲೆ. ಅದಕ್ಕೇ 30 ದಿನದವರೆಗೆ ಫೋನ್ ಮಾಡಿ ವಿಚಾರಿಸಿ: ಜ್ವರ ಇದೆಯಾ, ಕೀವು ಬರ್ತಿದೆಯಾ, ಹೊಲಿಗೆ ಬಿಟ್ಟಿದೆಯಾ? ಸಿಕ್ಕ ಉತ್ತರವನ್ನು ಆಯಾಗಳೂ ಇರುವ ಮೀಟಿಂಗಿನಲ್ಲಿ, ಯಾರ ಹೆಸರೂ ಎತ್ತದೆ ಹೇಳಿ. ಸಿಜೇರಿಯನ್ ಕೇಸಾದರೆ ಫೋನ್ ಎತ್ತುವುದು ಅತ್ತೆ ಅಥವಾ ಗಂಡ, “ಎಲ್ಲಾ ಚೆನ್ನಾಗಿದೆ” ಅಂದುಬಿಡುತ್ತಾರೆ. ಬಾಣಂತಿ ಕೈಗೇ ಫೋನ್ ಕೊಡಿಸಿ ಕೇಳಿ.