ಶುಚಿಯಾಗಿ ಉರಿಯುವ ಮದ್ದನ್ನು ಹುಡುಕಿದ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂದು ಕೇಪಿನ ಕೋವಿ ಇತ್ತು. ಈಡು ಹೊಡೆದ ದಿನ ಅಜ್ಜ ಎಷ್ಟೇ ದಣಿದಿದ್ದರೂ ಬಚ್ಚಲ ಹಂಡೆಯ ಬಿಸಿನೀರನ್ನು ನಳಿಗೆಗೆ ಹೊಯ್ದು, ಕೆಳಗೆ ಬೀಳುವ ನೀರು ತಿಳಿಯಾಗುವವರೆಗೂ ತೊಳೆಯುತ್ತಿದ್ದರು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲಿ ಉಳಿಯುತ್ತದೆಂದೂ, ಆ ಉಳಿಕೆ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆಂದೂ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಆದ್ದರಿಂದ ಟೆಕ್ಸಾಸ್‌ನಲ್ಲಿ ನೆಲೆಸಿ, ಗ್ರೀನ್ ಕಾರ್ಡ್ ಬಂದ ಮೇಲೆ .38 ಸ್ಪೆಷಲ್ ಎಂಬ ಅಳತೆಯ ತೋಟೆ ಹಿಡಿಯುವ ಒಂದು ರಿವಾಲ್ವರ್ ಕೊಂಡು, ತೋಟೆಗಳನ್ನು ನಾನೇ ತುಂಬಿಕೊಳ್ಳಲು, ಅಂದರೆ ಹಿತ್ತಾಳೆಯ ತೋಟೆಗೆ ಮದ್ದು ಹಾಕಿ ಗುಂಡು ಕೂರಿಸಲು ತೊಡಗಿದಾಗ, ಇಂದಿನ ತೋಟೆಗಳಲ್ಲಿ ಬಳಸುವ ಹೊಗೆರಹಿತ ಮದ್ದು ಎಂದರೆ ಮಸಿಯೇ ಇರದ ಮದ್ದು ಎಂದು ನಂಬಿದ್ದೆ. ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಪರವಾನಗಿ ಬೇಕಿಲ್ಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ ಎಂಬುದನ್ನು ಊರಿನಿಂದ ಓದುವವರು ಮರೆಯಬಾರದು.

ಅಂಗಡಿಯವರು ಸೂಚಿಸಿದ ಒಂದು ಹಳೆಯ, ಹೆಸರಾಂತ ಮದ್ದಿನ ಡಬ್ಬಿಯೊಂದಿಗೆ ನನ್ನ ಕೆಲಸ ಶುರುವಾಯಿತು. ತೋಟೆ ತುಂಬುವ ಕೈಪಿಡಿಯಲ್ಲಿದ್ದ ಆರಂಭದ, ಅಂದರೆ ಎಲ್ಲಕ್ಕಿಂತ ಕಡಿಮೆಯ, ಮದ್ದಿನ ತೂಕವನ್ನೇ ಅಳೆದು, ಮೇಣ ಸವರಿದ ಸೀಸದ ಗುಂಡುಗಳನ್ನು ಕೂರಿಸಿ ನೂರು ತೋಟೆ ಕಟ್ಟಿದೆ. ಅರವತ್ತನೆಯದೋ ಎಪ್ಪತ್ತನೆಯದೋ ತೋಟೆಯ ಹೊತ್ತಿಗೆ ರಿವಾಲ್ವರಿನಲ್ಲಿ ತೋಟೆಗಳು ಕೂರುವ, ತಿರುಗುವ ಸಿಲಿಂಡರ್ ಬಿಗಿಯಾಗಿ, ಕೊನೆಗೆ ಮುಚ್ಚುವುದೇ ಕಷ್ಟವಾಯಿತು. ಎಲ್ಲ ತೋಟೆಗಳನ್ನೂ ಹೊರತೆಗೆದು ಬೆಳಕಿಗೆ ಹಿಡಿದು ನೋಡಿದಾಗ, ಖಾಲಿ ತೋಟೆಗಳನ್ನು ಹೊರದೂಡುವ ನಕ್ಷತ್ರಾಕಾರದ ತುಂಡಿನ ಅಡಿಯಲ್ಲಿ ಉರಿಯದೆ ಉಳಿದ ಮದ್ದಿನ ಮೂರು ನಾಲ್ಕು ಹಳದಿ ಚಕ್ಕೆಗಳು ಸಿಕ್ಕಿಕೊಂಡಿದ್ದವು. ರಾಗಿ ಕಾಳಿಗಿಂತ ತೆಳ್ಳಗಿನ ಅಷ್ಟು ಚೂರು ಸಾಕಾಗಿತ್ತು, ಇಡೀ ಯಂತ್ರವನ್ನು ಕಟ್ಟಿಹಾಕಲು. ಖಾಲಿ ಹಿತ್ತಾಳೆ ತೋಟೆಗಳ ಹೊರಮೈಯಲ್ಲಿ ಬಾಯಿಯಿಂದ ಅರ್ಧದವರೆಗೆ ಕಾಡಿಗೆಯಂಥ ಕಪ್ಪು ಪಟ್ಟೆ ಇತ್ತು.

ಮದ್ದೇ ಕೊಳಕೆಂದು ತೀರ್ಮಾನಿಸಿ ಡಬ್ಬಿಯನ್ನು ಮೂಲೆಗಿಟ್ಟೆ. ಅದು ತಪ್ಪೆಂದು ತಿಳಿದದ್ದು, ಕೆಲವು ತಿಂಗಳ ನಂತರ ಅದೇ ಮದ್ದನ್ನು ಕೈಪಿಡಿಯಂತೆ ಅಳೆದು 9 ಎಂಎಂ ಪಿಸ್ತೂಲಿನ ತೋಟೆಗಳಿಗೆ ತುಂಬಿದಾಗ. ಅಲ್ಲಿ ಚಕ್ಕೆಗಳೂ ಇರಲಿಲ್ಲ, ಕಪ್ಪು ಪಟ್ಟೆಯೂ ಇರಲಿಲ್ಲ. ವ್ಯತ್ಯಾಸವಿದ್ದದ್ದು ಒತ್ತಡದಲ್ಲಿ. ಅಮೆರಿಕದ ಉದ್ಯಮ ಮಾನದಂಡದಲ್ಲಿ 9 ಎಂಎಂಗೆ ಚದರ ಅಂಗುಲಕ್ಕೆ 35,000 ಪೌಂಡ್ ಗರಿಷ್ಠ ಒತ್ತಡವಿದ್ದರೆ, .38 ಸ್ಪೆಷಲ್‌ಗೆ ಅದರ ಅರ್ಧಕ್ಕೂ ಕಡಿಮೆ, ಅಂದರೆ 17,000 ಮಾತ್ರ. ಹೊಗೆರಹಿತ ಮದ್ದು ಒತ್ತಡ ಏರಿದಷ್ಟೂ ಚುರುಕಾಗಿ, ಪೂರ್ಣವಾಗಿ ಉರಿಯುತ್ತದೆ. ಒತ್ತಡ ಸಾಲದಿದ್ದರೆ ಗುಂಡು ನಳಿಗೆ ಬಿಡುವಷ್ಟರಲ್ಲಿ ಉರಿ ಮುಗಿದಿರುವುದಿಲ್ಲ. ತೋಟೆಯ ತೆಳು ಹಿತ್ತಾಳೆ ಗೋಡೆಯೂ ಒತ್ತಡಕ್ಕೆ ಹಿಗ್ಗಿ ತಾನು ಕೂತ ಸಿಲಿಂಡರಿನ ಗೂಡಿನ ಗೋಡೆಗೆ ಅಂಟಿಕೊಂಡರೆ ಮಾತ್ರ ಅನಿಲ ಹಿಂದಕ್ಕೆ ನುಸುಳದು. ನನ್ನ ಕಪ್ಪು ಪಟ್ಟೆ ಅಂಥ ನುಸುಳಿನ ಗುರುತಾಗಿತ್ತು. ಇದಲ್ಲದೆ .38 ಸ್ಪೆಷಲ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಕರಿಮದ್ದಿನ ಅಳತೆಗೆ ತಕ್ಕಂತೆ ರೂಪುಗೊಂಡ ತೋಟೆಯಾದ್ದರಿಂದ ಅದರ ಹೊಟ್ಟೆ ದೊಡ್ಡದು. ಇಂದಿನ ಮದ್ದು ಅದರ ತಳದಲ್ಲಿ ಚೂರೇ ಚೂರು ಕಾಣಿಸುತ್ತದೆ.

ಹಾಗಾದರೆ ತೂಕ ಏರಿಸಿಬಿಡಬಹುದಲ್ಲವೇ ಎಂದರೆ, ಕೈಪಿಡಿಯ ಗರಿಷ್ಠ ಮಿತಿಯೊಳಗೆ ಮಾತ್ರ, ಅದೂ ಹಂತ ಹಂತವಾಗಿ. ಶುಚಿತನಕ್ಕಾಗಿ ಆ ಮಿತಿಯನ್ನು ದಾಟುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ನಾನು ಬಳಸಿದ ತೂಕಗಳನ್ನು ಇಲ್ಲಿ ಬರೆಯದಿರುವುದೂ ಅದೇ ಕಾರಣಕ್ಕೆ: ಗುಂಡು ಒಂದಿಷ್ಟು ಆಳಕ್ಕೆ ಕೂತರೂ ಒತ್ತಡ ಬದಲಾಗುವುದರಿಂದ, ನಿಮ್ಮ ಗುಂಡಿಗೆ ಮದ್ದಿನ ತಯಾರಕರು ಪ್ರಕಟಿಸಿದ ಅಂಕಿಯೇ ಆಧಾರವಾಗಬೇಕು.

ಮದ್ದು ಬದಲಿಸುವ ಮುನ್ನ ಉಳಿದ ಎರಡು ವಿಷಯಗಳನ್ನು ಸರಿಪಡಿಸಿಕೊಂಡೆ. ತೋಟೆಯ ಬಾಯಂಚನ್ನು ಗುಂಡಿನ ತೋಡಿಗೆ ಮಡಚುವ ಕ್ರಿಂಪ್ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿದ ಮೇಲೆ ಗುಂಡು ಕ್ಷಣಮಾತ್ರ ತಡೆದು ನಿಂತು ಉರಿಗೆ ಸಮಯ ಸಿಕ್ಕಿತು, ಚಕ್ಕೆಗಳು ಬಹುಪಾಲು ಮಾಯವಾದವು. ಮೇಣ ಸವರಿದ ಗುಂಡುಗಳ ಬದಲು ಪಾಲಿಮರ್ ಲೇಪನದ ಗುಂಡುಗಳನ್ನು ತಂದಾಗ ಹೊಗೆಯೂ ಕಡಿಮೆಯಾಯಿತು. ನಾನು ಮದ್ದಿನ ಹೊಗೆ ಎಂದುಕೊಂಡಿದ್ದರಲ್ಲಿ ಹೆಚ್ಚಿನದು ಸುಟ್ಟ ಮೇಣದ್ದೇ ಆಗಿತ್ತು.

ನಂತರ ಮೂರು ಮದ್ದುಗಳನ್ನು ಹೋಲಿಸಿದೆ: ಅಮೆರಿಕದ ಹಾಡ್ಜ್‌ಡನ್ ಕಂಪನಿಯ ಟೈಟ್‌ಗ್ರೂಪ್ ಮತ್ತು ಎಚ್‌ಪಿ-38, ಫಿನ್‌ಲೆಂಡಿನ ವಿಹ್ಟಾವುವೊರಿ ಕಂಪನಿಯ ಎನ್320. ಪ್ರತಿಯೊಂದರಲ್ಲೂ ಒಂದೇ ಬಗೆಯ ಗುಂಡಿನ ಐವತ್ತು ತೋಟೆ ಹೊಡೆದು, ದ್ರಾವಣದಲ್ಲಿ ನೆನೆಸಿದ ಒಂದೇ ಒಂದು ಬಿಳಿ ಬಟ್ಟೆಯ ಚೌಕವನ್ನು ನಳಿಗೆಯಲ್ಲಿ ಒಮ್ಮೆ ಎಳೆದು, ಮುಂದಿನದಕ್ಕೆ ಹೋಗುವ ಮುನ್ನ ರಿವಾಲ್ವರನ್ನು ಪೂರ್ತಿ ತೊಳೆದೆ. ಮೂರು ಚೌಕಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು ನೋಡಿದಾಗ ಎಚ್‌ಪಿ-38ರದು ಗಾಢ ಬೂದು, ಟೈಟ್‌ಗ್ರೂಪ್‌ನದು ಸಣ್ಣದಾದರೂ ಗಟ್ಟಿ ಕಪ್ಪು, ಎನ್320ರದು ತಿಳಿಬೂದು.

ಚೌಕದ ಬಣ್ಣವೊಂದನ್ನೇ ನೋಡಿ ನಾನು ಆರಿಸಲಿಲ್ಲ. ಟೈಟ್‌ಗ್ರೂಪ್ ನೈಟ್ರೋಗ್ಲಿಸರಿನ್ ಸೇರಿದ, ಬಲವಾದ, ಅಗ್ಗದಲ್ಲಿ ಬಾಳುವ ಮದ್ದು. ದೊಡ್ಡ ತೋಟೆಯಲ್ಲಿ ಮದ್ದು ಮುಂದಿರಲಿ ಹಿಂದಿರಲಿ ಗುಂಡಿನ ವೇಗ ಹೆಚ್ಚು ಬದಲಾಗುವುದಿಲ್ಲ. ಆದರೆ ಅದು ಎಷ್ಟು ಕಡಿಮೆ ಜಾಗ ಹಿಡಿಯುತ್ತದೆಂದರೆ, .38ರ ಹೊಟ್ಟೆಗೆ ಕೈತಪ್ಪಿ ಎರಡು ಬಾರಿ ಸುರಿದರೂ ತುಳುಕುವುದಿಲ್ಲ, ಮತ್ತು ಹಾಗೆ ಕಟ್ಟಿದ ಒಂದೇ ತೋಟೆ ರಿವಾಲ್ವರನ್ನು ಒಡೆಯಬಲ್ಲದು. ಎನ್320 ನೈಟ್ರೋಗ್ಲಿಸರಿನ್ ಇಲ್ಲದ, ನೈಟ್ರೋಸೆಲ್ಯುಲೋಸ್ ಆಧಾರದ ಮದ್ದು. ಅದರ ಸಣ್ಣ ಸಿಲಿಂಡರಾಕಾರದ ಕಾಳುಗಳು ಹೆಚ್ಚು ಜಾಗ ಹಿಡಿಯುವುದರಿಂದ, ದೀಪ ಹಿಡಿದು ಬಗ್ಗಿ ನೋಡಿದರೆ ಮಟ್ಟ ಸ್ಪಷ್ಟವಾಗಿ ಕಾಣುತ್ತದೆ. ಎರಡು ಪಾಲು ಬಿದ್ದಿದ್ದರೆ ಕಣ್ಣು ತಪ್ಪಿಸುವುದು ಕಷ್ಟ. ಬೆಲೆ ಹೆಚ್ಚು ನಿಜ, ಆದರೆ ಒಂದು ಪೌಂಡಿನಲ್ಲಿ 7000 ಗ್ರೇನ್ (ಮದ್ದು ತೂಗುವ ಸಣ್ಣ ಅಳತೆ) ಇದ್ದು ಸಾವಿರಕ್ಕೂ ಮೀರಿ ತೋಟೆಗಳಾಗುವಾಗ, ತೋಟೆಯೊಂದಕ್ಕೆ ಬೀಳುವ ಹೆಚ್ಚಿನ ಖರ್ಚು ಅತ್ಯಲ್ಪ. .38ಕ್ಕೆ ಅದನ್ನೇ ಇಟ್ಟುಕೊಂಡೆ. 9 ಎಂಎಂಗೆ ಎಚ್‌ಪಿ-38 ಸಾಕು. ಆ ಒತ್ತಡದಲ್ಲಿ ಅದೂ ಶುಚಿಯಾಗಿಯೇ ಉರಿಯುತ್ತದೆ, ಅಳತೆಯ ಯಂತ್ರದಿಂದ ನೀರಿನಂತೆ ಇಳಿಯುತ್ತದೆ.

ಮಸಿ ಕಡಿಮೆಯಾದ ಮಾತ್ರಕ್ಕೆ ಸೀಸ ಕಡಿಮೆಯಾಯಿತೆಂದು ತಿಳಿಯಬಾರದು. ತೋಟೆಯ ತಳದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಸಾಮಾನ್ಯ ಪ್ರೈಮರಿನ ಸ್ಫೋಟಕದಲ್ಲೇ ಸೀಸದ ಸಂಯುಕ್ತವಿರುತ್ತದೆ. ಮದ್ದು ಎಷ್ಟೇ ಶುಚಿಯಾಗಿದ್ದರೂ ಅದು ಖಾಲಿ ತೋಟೆಯ ಒಳಗೆ ಅಂಟಿರುತ್ತದೆ. ಮೊದಲು ನಾನು ಖಾಲಿ ತೋಟೆಗಳನ್ನು ಗ್ಯಾರೇಜಿನಲ್ಲಿ ಒಣ ಜೋಳದ ದಿಂಡಿನ ಪುಡಿಯಲ್ಲಿ ತಿರುಗಿಸಿ ಉಜ್ಜುತ್ತಿದ್ದೆ, ಮುಚ್ಚಳ ತೆಗೆದಾಗ ಏಳುತ್ತಿದ್ದ ದೂಳನ್ನು ಲೆಕ್ಕಿಸುತ್ತಿರಲಿಲ್ಲ. ಮನೆಯಲ್ಲಿ ಮಗು ತೆವಳಲು ತೊಡಗಿದಾಗ ಅದನ್ನು ನಿಲ್ಲಿಸಿ, ನೀರಿನಲ್ಲಿ ತೊಳೆಯುವ ಕ್ರಮಕ್ಕೆ ಬದಲಾದೆ. ಆ ಕೆಲಸದ ಅಂಗಿ ಈಗ ಬೇರೆಯಾಗಿಯೇ ಒಗೆತಕ್ಕೆ ಹೋಗುತ್ತದೆ, ಮೇಜಿನ ಮೇಲೆ ತಿಂಡಿ ಕಾಫಿಗೆ ಜಾಗವಿಲ್ಲ.

ಈಗ ಪ್ರತಿ ಸಲ ಮೊದಲ ಹತ್ತು ಅಳತೆಗಳನ್ನು ತಕ್ಕಡಿಯಲ್ಲಿ ತೂಗಿ, ಗುಂಡು ಕೂರಿಸುವ ಮುನ್ನ ಮರದ ಹಲಗೆಯಲ್ಲಿ ನಿಲ್ಲಿಸಿದ ಐವತ್ತೂ ತೋಟೆಗಳ ಒಳಗೆ ದೀಪ ಬಿಟ್ಟು ನೋಡುತ್ತೇನೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರುತ್ತದೆ. ಡಬ್ಬಿಯ ಮೇಲಿನ ಲಾಟ್ (ತಯಾರಿಕೆಯ ಕಂತು) ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಹೊಸ ಲಾಟ್ ಬಂದಾಗ ಹೆಸರು ಅದೇ ಆಗಿದ್ದರೂ ಮತ್ತೆ ಆರಂಭದ ತೂಕದಿಂದಲೇ ಮೇಲೆ ಬರುತ್ತೇನೆ.