ಸಿಗದ .257 ರೈಫಲ್ ಕೊನೆಗೂ ನನ್ನ ಕೈ ಸೇರಿದ್ದು ಹೀಗೆ

ಕಳೆದ ವಾರ 100 ಮೀಟರ್‌ನಲ್ಲಿ ಐದು ಗುಂಡು ಹೊಡೆದೆ. ಐದೂ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಕೂತವು. ರೈಫಲ್ .257 ರಾಬರ್ಟ್ಸ್ ಎಂಬ ತೋಟಾ ಹಾಕುವಂಥದ್ದು. "ಅದು ಸಿಗಲ್ಲ, .308 ತಗೊಂಡು ಸುಮ್ನಿರಿ" ಎಂದು ನಾಲ್ಕು ವರ್ಷ ಹೇಳಿದವರೇ ಹತ್ತಿರ ಹೋಗಿ ತೂತುಗಳ ಮೇಲೆ ಬೆರಳಿಟ್ಟು ನೋಡಿದರು. ನನಗೆ ಅಷ್ಟು ಸಾಕಾಯಿತು.

ಸಿಗಲ್ಲ ಅನ್ನೋದೇನೂ ಸುಳ್ಳಲ್ಲ. 1934ರಲ್ಲಿ ರೆಮಿಂಗ್ಟನ್ ಮಾರುಕಟ್ಟೆಗೆ ತಂದ ತೋಟಾ ಇದು. 1955ರಲ್ಲಿ .243 ವಿಂಚೆಸ್ಟರ್ ಬಂದ ಮೇಲೆ ಮೂಲೆ ಸೇರಿತು. ಈಗ ಕಂಪನಿಗಳು ಯಾವಾಗಲೋ ಒಮ್ಮೆ ಒಂದು ಕಂತು ಮಾಡುತ್ತವೆ, ಅದು ಮುಗಿದರೆ ಮುಗಿಯಿತು. ನಾನು ಹೊಸ ರೈಫಲಿಗೆ ಮುಂಗಡ ಕೊಟ್ಟು ಸುಮಾರು 14 ತಿಂಗಳು ಕಾದೆ. ಕೊನೆಗೆ ಬಂದ ಉತ್ತರ, "ಈ ವರ್ಷ ಆ ಕ್ಯಾಲಿಬರ್ ಇಲ್ಲ". ಮುಂಗಡ ವಾಪಸ್ ಬರಲು ಇನ್ನೂ ಮೂರು ತಿಂಗಳು ಹಿಡಿಯಿತು.

ಆಮೇಲೆ ಹಳೆಯದಕ್ಕೆ ಕೈ ಹಾಕಿದೆ. ಮೊದಲನೆಯದರ ಮರದ ಕೆಲಸ ನೋಡಿ ಮರುಳಾದೆ, ಬ್ಯಾರೆಲ್ ಒಳಗೆ ಇಣುಕುವ ಬೋರ್‌ಸ್ಕೋಪ್ ಒಯ್ದಿರಲಿಲ್ಲ. ಮನೆಗೆ ತಂದು ಇಣುಕಿದರೆ ಥ್ರೋಟ್ (ಗುಂಡು ಬ್ಯಾರೆಲ್ ಒಳಗೆ ಹೊಕ್ಕುವ ಜಾಗ) ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಕೊಟ್ಟ ದುಡ್ಡಿನ ಅರ್ಧಕ್ಕೆ ಮಾರಿದೆ. ಎರಡನೆಯದರ ಬ್ಯಾರೆಲ್ ಚೆನ್ನಾಗಿತ್ತು, ಆದರೆ ಶಾರ್ಟ್ ಆಕ್ಷನ್, ಅಂದರೆ ಬೋಲ್ಟ್, ಮ್ಯಾಗಜೀನ್ ಎಲ್ಲ ಗಿಡ್ಡ ತೋಟಾಗೆ ಮಾಡಿದ್ದು. ಮ್ಯಾಗಜೀನ್‌ನಲ್ಲಿ ಹಿಡಿಯಬೇಕೆಂದರೆ ಉದ್ದ ಗುಂಡುಗಳನ್ನು ಕೇಸಿನೊಳಗೆ (ಮದ್ದು ತುಂಬುವ ಲೋಹದ ಕವಚ) ಆಳಕ್ಕೆ ತಳ್ಳಬೇಕು. ಮದ್ದಿನ ಜಾಗವನ್ನೆಲ್ಲ ಗುಂಡೇ ನುಂಗಿತು. ಅದೂ ಹೋಯಿತು.

ಆಗ ಹುಡುಕುವ ದಾರಿಯನ್ನೇ ಬದಲಿಸಿದೆ. ಕ್ಯಾಲಿಬರ್ ಹುಡುಕಬೇಡಿ, ಕೇಸಿನ ಬುಡ ನೋಡಿ. .257ರ ತಾಯಿ 7×57 ಮೌಸರ್ ತೋಟಾ, ಅದರ ಕೇಸಿನಿಂದಲೇ ಇದು ಹುಟ್ಟಿದ್ದು. ಅದರ ಬುಡ .473 ಇಂಚು. .30-06, .270, .308 ಎಲ್ಲದರದ್ದೂ ಅಷ್ಟೇ ಅಲ್ವಾ? ಅಂದರೆ ಕೇಸಿನ ಬುಡ ಹಿಡಿಯುವ ಬೋಲ್ಟ್ ಫೇಸ್ ಬದಲಿಸಬೇಕಾಗಿಯೇ ಇಲ್ಲ, ಬ್ಯಾರೆಲ್ ಬದಲಿಸಿದರಾಯಿತು. ಬ್ಯಾರೆಲ್ ಸವೆದ ಹಳೇ .30-06 ಲಾಂಗ್ ಆಕ್ಷನ್ ರೈಫಲ್ ಯಾರಿಗೂ ಬೇಡ. ನನಗೆ ಹೊಸ ರೈಫಲಿನ ಕಾಲು ಭಾಗದ ಬೆಲೆಗೆ ಸಿಕ್ಕಿತು. ಎಲ್ಲಿ, ಹೇಗೆ ಹುಡುಕಿದೆ ಅನ್ನೋದು ನನ್ನಲ್ಲೇ ಇರಲಿ, ಇನ್ನೂ ಎರಡು ಬೇಕಿವೆ.

ಕೆಲಸಕ್ಕೆ ಮುಂಚೆ ಪರವಾನಗಿಯಲ್ಲಿ ಕ್ಯಾಲಿಬರ್ ಬದಲಾವಣೆ ಕೇಳಿ ಮುಗಿಸಿಕೊಳ್ಳಿ. ಬ್ಯಾರೆಲ್ ಕೂರಿಸಿದ್ದು ನಾನಲ್ಲ, ಪರವಾನಗಿ ಇರುವ ಗನ್‌ಸ್ಮಿತ್. 1:8 ಟ್ವಿಸ್ಟ್ ಬ್ಯಾರೆಲ್‌ಗೆ (ಒಳಗಿನ ಗೀರು 8 ಇಂಚಿಗೆ ಒಂದು ಸುತ್ತು, ಉದ್ದ ಗುಂಡು ಸ್ಥಿರವಾಗಿ ಹೋಗಲು) ಒಂಬತ್ತು ತಿಂಗಳು ಕಾದೆ. ಮಾಮೂಲಿ 1:10 ಬೇಗ ಸಿಗುತ್ತಿತ್ತು, ಆದರೆ ಉದ್ದ ಗುಂಡುಗಳ ಆಸೆ ಬಿಡಲಾಗಲಿಲ್ಲ. ತೋಟಾ ಕೂರುವ ಕೋಣೆಯನ್ನು ಬ್ಯಾರೆಲ್‌ನಲ್ಲಿ ಕೊರೆಯುವ ರೀಮರ್ ಬಾಡಿಗೆಗೆ ತರಿಸಿದೆವು. ಆ ಕೋಣೆಯ ಕನಿಷ್ಠ ಅಳತೆ ನೋಡುವ ಗೋ ಗೇಜ್ ಮೇಲೆ ಬೋಲ್ಟ್ ಒಂದೇ ಬೆರಳಿಗೆ ಮುಚ್ಚಿತು. ಮೀರಬಾರದ ಅಳತೆಯ ನೋ-ಗೋ ಹಾಕಿದಾಗ ಅರ್ಧಕ್ಕೇ ನಿಂತಿತು. ಬೋಲ್ಟಿನ ಹಿಡಿ ನಿಂತ ಆ ಜಾಗ ಇವತ್ತಿಗೂ ಕಣ್ಣಲ್ಲಿದೆ. ಆಕ್ಷನ್ ಮೇಲೆ ಹಳೇ .30-06 ಗುರುತು ಇದ್ದದ್ದರಿಂದ ಬ್ಯಾರೆಲ್ ಮೇಲೆ ಹೊಸ ಹೆಸರನ್ನು ದೊಡ್ಡದಾಗಿ ಕೊರೆಸಿದೆ.

ಎಲ್ಲ ಸೇರಿ ಹೊಸ ರೈಫಲ್‌ನ ಬೆಲೆಗಿಂತ ಸ್ವಲ್ಪ ಜಾಸ್ತಿಯೇ ಆಯಿತು, ಒಂದೂಕಾಲು ಪಟ್ಟು ಇರಬಹುದು. ಮೊದಲೆರಡರಲ್ಲಿ ಕಳೆದದ್ದು ಈ ಲೆಕ್ಕದಲ್ಲಿಲ್ಲ.

ಮೊದಲ ದಿನವೇ ಒಂದು ತೊಂದರೆ. ಉದ್ದ ಮ್ಯಾಗಜೀನ್‌ನಲ್ಲಿ ಗಿಡ್ಡ ತೋಟಾ ಹಿಂದೆ ಮುಂದೆ ಓಡಾಡುತ್ತಿತ್ತು. ಪ್ರತಿ ಹೊಡೆತಕ್ಕೂ ಗುಂಡಿನ ಮೂತಿ ಮುಂದಿನ ಗೋಡೆಗೆ ಬಡಿದು ಚಪ್ಪಟೆಯಾಗುತ್ತಿತ್ತು. ಹಿಂಬದಿಗೆ ಅಲ್ಯೂಮಿನಿಯಂ ತುಂಡು ಇಟ್ಟು ಸರಿಮಾಡಿದೆ. ಆರು ತುಂಡು ಕೆಟ್ಟವು, ಏಳನೆಯದು ನಿಂತಿತು. ಅದರ ಇಳಿಜಾರಿನ ಅಳತೆ ಹೇಳುವುದಿಲ್ಲ, ಅದಕ್ಕೆ ಎರಡು ತಿಂಗಳು ಸುರಿದಿದ್ದೇನೆ.

ಕೇಸುಗಳೂ ಸಿಗಲಿಲ್ಲ. 7×57 ಕೇಸಿನ ಕತ್ತನ್ನು ಎರಡು ಹಂತದಲ್ಲಿ ಇಳಿಸಿದೆ. ಒಂದೇ ಸಲ ಇಳಿಸಿದಾಗ ಭುಜ (ಕತ್ತಿನ ಕೆಳಗಿನ ಇಳಿಜಾರು) ಮುದುಡಿತು. 60ರಲ್ಲಿ 11 ಹಾಳಾದವು. ನಡುವೆ .30-06 ಕೇಸನ್ನು ಕತ್ತರಿಸಿಯೂ ನೋಡಿದೆ. ಹಾಗೆ ಮಾಡಿದರೆ ಹಳೇ ಕೇಸಿನ ದಪ್ಪ ಭಾಗವೇ ಹೊಸ ಕತ್ತಾಗುತ್ತದೆ. ಮದ್ದಿಲ್ಲದ ಡಮ್ಮಿ ಹಾಕಿದಾಗ ಬೋಲ್ಟ್ ಬಿಗಿಯಾಯಿತು. ಅಲ್ಲೇ ನಿಲ್ಲಿಸಿದೆ. ಕತ್ತು ಹಿಗ್ಗಲು ಜಾಗವಿಲ್ಲದಿದ್ದರೆ ಗುಂಡು ಬಿಡುವುದಿಲ್ಲ, ಒತ್ತಡ ಮಿತಿ ಮೀರಿ ಏರುತ್ತದೆ. ಅವನ್ನೆಲ್ಲ ಇಕ್ಕಳದಲ್ಲಿ ಜಜ್ಜಿ ಗುಜರಿಗೆ ಹಾಕಿದೆ. 7×57ರಿಂದ ಮಾಡಿದ 49 ಬೇರೆ ಡಬ್ಬಿಯಲ್ಲಿವೆ, ಬುಡದಲ್ಲಿ ಇನ್ನೂ ಹಳೇ ಹೆಸರೇ ಇದೆಯಲ್ಲ. ನಾಲ್ಕನೇ ಸಲ ತುಂಬಿದ್ದೇನೆ, ಒಂದರ ಕತ್ತೂ ಸೀಳಿಲ್ಲ.

ಈಗ 6 ಮಿಲಿಮೀಟರ್ ರೆಮಿಂಗ್ಟನ್ ಮೇಲೆ ಕಣ್ಣಿದೆ. ಅದೂ 7×57ರ ಮಗುವೇ. ಬ್ಯಾರೆಲ್‌ಗೆ ಹೇಳಿಯಾಗಿದೆ.