ಇಂಡೋ-ಯುರೋಪಿಯನ್ ಭಾಷೆಗಳು ಹರಡಿದ ಬಗೆಯನ್ನು ನಕ್ಷೆಯಲ್ಲಿ ಗುರುತಿಸುವ ಕ್ರಮ

ಸಂಸ್ಕೃತ, ಗ್ರೀಕ್, ಇಂಗ್ಲಿಷ್ ಮುಂತಾದವು ಒಂದೇ ಮೂಲದಿಂದ ಇಳಿದು ಬಂದ ಇಂಡೋ-ಯುರೋಪಿಯನ್ ಕುಟುಂಬದ ಭಾಷೆಗಳು. ಅವು ಹರಡಿದ ಬಗೆಯ ನಕ್ಷೆ ಎಂದೊಡನೆ ಕಪ್ಪು ಸಮುದ್ರದ ಉತ್ತರಕ್ಕೊಂದು ಬಣ್ಣದ ಮಚ್ಚೆ ಮತ್ತು ಅಲ್ಲಿಂದ ನಾಲ್ಕೂ ದಿಕ್ಕಿಗೆ ಚಾಚಿದ ದಪ್ಪ ಬಾಣಗಳು ಕಣ್ಣ ಮುಂದೆ ಬರುತ್ತವೆ. ಆ ಬಾಣಗಳನ್ನು ಎಲ್ಲಕ್ಕಿಂತ ಕೊನೆಗೆ ಬಿಡಿಸಬೇಕು. ಲಿಖಿತ ದಾಖಲೆ ಭಾಷೆಯ ಬಗ್ಗೆ ಹೇಳುತ್ತದೆ, ಉತ್ಖನನದಲ್ಲಿ ಸಿಕ್ಕ ಮಡಕೆ ಮತ್ತು ಗೋರಿ ಬದುಕಿನ ರೀತಿಯ ಬಗ್ಗೆ ಹೇಳುತ್ತವೆ, ಮೂಳೆಯಿಂದ ತೆಗೆದ ಡಿಎನ್‌ಎ ವಂಶದ ಬಗ್ಗೆ ಹೇಳುತ್ತದೆ. ಇವುಗಳಲ್ಲಿ ಯಾವುದೂ ಇನ್ನೊಂದರ ಪರವಾಗಿ ತಾನಾಗಿಯೇ ಸಾಕ್ಷಿ ನುಡಿಯುವುದಿಲ್ಲ. ಆದ್ದರಿಂದ ಮೂರಕ್ಕೂ ಮೂರು ಪ್ರತ್ಯೇಕ ಪದರಗಳನ್ನು ಮಾಡಿ, ಒಂದೊಂದನ್ನೂ ಬೇರೆಯಾಗಿ ಪೂರ್ಣಗೊಳಿಸಿ, ಅನಂತರವೇ ಒಂದರ ಮೇಲೊಂದನ್ನು ಇಟ್ಟು ನೋಡಬೇಕು.

ತಳನಕ್ಷೆಗೆ ಹೆಚ್ಚು ಸಮಯ ಬೇಕಾಗಿಲ್ಲ. ಉಚಿತವಾಗಿ ದೊರೆಯುವ ಕ್ಯೂಜಿಐಎಸ್ ತಂತ್ರಾಂಶ ಮತ್ತು ನ್ಯಾಚುರಲ್ ಅರ್ಥ್ ಒದಗಿಸುವ ಕರಾವಳಿ, ನದಿ ಹಾಗೂ ಬೆಟ್ಟಗಳ ದತ್ತಾಂಶ ಸಾಕು. ಇಂದಿನ ದೇಶಗಳ ಗಡಿಗಳನ್ನು ಅಳಿಸಿಬಿಡಿ, ಏಕೆಂದರೆ ಅವು ಉಳಿದರೆ ಓದುಗರ ಕಣ್ಣು ಐದು ಸಾವಿರ ವರ್ಷಗಳ ಹಿಂದಿನ ಸಂಗತಿಯನ್ನು ಇಂದಿನ ರಾಜಕೀಯದೊಳಗೆ ತುರುಕಿ ಓದುತ್ತದೆ. ಪ್ರಕ್ಷೇಪದ, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನದ, ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಅಂತರ್ಜಾಲದ ನಕ್ಷೆಗಳು ಬಳಸುವ ಮರ್ಕೇಟರ್ ಪ್ರಕ್ಷೇಪವು 60 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣವನ್ನು ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವುದರಿಂದ ಉತ್ತರದ ಬಯಲುಗಳು ವಿಪರೀತ ದೊಡ್ಡದಾಗಿಯೂ ಸಿಂಧೂ ಬಯಲು ಸಣ್ಣದಾಗಿಯೂ ಕಾಣುತ್ತವೆ. 45 ಡಿಗ್ರಿ ಪೂರ್ವ ರೇಖಾಂಶ ಮತ್ತು 40 ಡಿಗ್ರಿ ಉತ್ತರ ಅಕ್ಷಾಂಶವನ್ನು ಕೇಂದ್ರವಾಗಿಟ್ಟುಕೊಂಡ ಲ್ಯಾಂಬರ್ಟ್ ಸಮವಿಸ್ತೀರ್ಣ ಪ್ರಕ್ಷೇಪವನ್ನು ಆರಿಸಿಕೊಂಡರೆ ಐರ್ಲೆಂಡಿನಿಂದ ಪಶ್ಚಿಮ ಚೀನಾದ ತಾರಿಮ್ ಕೊಳ್ಳದವರೆಗಿನ ಇಡೀ ಹರವು ನ್ಯಾಯವಾದ ಅಳತೆಯಲ್ಲಿ ಕೂರುತ್ತದೆ.

ಮೊದಲ ಪದರ ಭಾಷೆಯದು. ಪ್ರತಿಯೊಂದು ದಾಖಲೆಗೂ ಕೋಷ್ಟಕದಲ್ಲಿ ಒಂದು ಸಾಲು ತೆರೆದು ಭಾಷೆ, ಆರಂಭದ ಮತ್ತು ಕೊನೆಯ ವರ್ಷ, ಸಿಕ್ಕ ಸ್ಥಳ ಇವುಗಳನ್ನು ತುಂಬಿ; ಜೊತೆಗೆ ಆ ಭಾಷೆಯನ್ನು ಆಡುತ್ತಿದ್ದ ಸ್ಥಳಕ್ಕೆ ಇನ್ನೊಂದು ಅಂಕಣವನ್ನು ತಪ್ಪದೆ ಇಡಿ. ಈ ಎರಡನೆಯ ಅಂಕಣ ಏಕೆ ಬೇಕೆಂಬುದು ಮಿತನ್ನಿ ಎಂಬ ಪ್ರಾಚೀನ ರಾಜ್ಯದ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಕಿಕ್ಕುಲಿ ಎಂಬ ಕುದುರೆ ಪಳಗಿಸುವವನ ಹೆಸರಿನಲ್ಲಿರುವ ಪಾಠದಲ್ಲಿ ಕುದುರೆಯನ್ನು ಸುತ್ತು ಹಾಕಿಸುವ ಲೆಕ್ಕವನ್ನು ಐಕ, ತೇರ, ಪಂಜ, ಸತ್ತ, ನ ಎಂಬ ಸಂಖ್ಯೆಗಳ ಮುಂದೆ 'ವರ್ತನ್ನ' ಎಂಬ ಪದವನ್ನು ಸೇರಿಸಿ ಹೇಳಲಾಗಿದೆ. ಏಕ, ತ್ರಿ, ಪಂಚ, ಸಪ್ತ, ನವ ಮತ್ತು ವರ್ತನ ಎಂಬ ಪದಗಳನ್ನು ಬಲ್ಲವರಿಗೆ ಇದರಲ್ಲಿ ವಿವರಿಸಬೇಕಾದುದು ಏನೂ ಇಲ್ಲ. ಇರಾನೀ ಶಾಖೆಯಲ್ಲಿ ಒಂದಕ್ಕೆ 'ಐವ' ಎಂಬ ರೂಪವಿದ್ದುದರಿಂದ 'ಐಕ' ಎಂಬುದು ಸಂಸ್ಕೃತ ಸೇರಿದ ಇಂಡೋ-ಆರ್ಯನ್ ಶಾಖೆಯತ್ತಲೇ ಬೆರಳು ತೋರಿಸುತ್ತದೆ. ಆದರೆ ಈ ಫಲಕಗಳು ಸಿಕ್ಕಿದ್ದು ಇಂದಿನ ಟರ್ಕಿಯಲ್ಲಿರುವ ಹಿಟ್ಟೈಟರ ರಾಜಧಾನಿ ಹತ್ತುಷದಲ್ಲಿ, ಬರವಣಿಗೆಯ ಭಾಷೆ ಹಿಟ್ಟೈಟ್, ಪದಗಳು ಬಂದದ್ದು ಉತ್ತರ ಮೆಸೊಪೊಟೇಮಿಯದ ಮಿತನ್ನಿಯಿಂದ. ಮಿತ್ರ, ವರುಣ, ಇಂದ್ರ, ನಾಸತ್ಯರನ್ನು ಸಾಕ್ಷಿಯಾಗಿ ಕರೆಯುವ ಕ್ರಿ.ಪೂ. 14ನೆಯ ಶತಮಾನದ ಮಿತನ್ನಿ ಒಪ್ಪಂದವೂ ಸಿಕ್ಕಿದ್ದು ಹತ್ತುಷದಲ್ಲಿಯೇ. ಸಿಕ್ಕ ಸ್ಥಳವನ್ನಷ್ಟೇ ನಂಬಿ ಚುಕ್ಕೆ ಇಟ್ಟರೆ ಇಂಡೋ-ಆರ್ಯನ್ ಭಾಷೆ ಅನಟೋಲಿಯದ, ಅಂದರೆ ಇಂದಿನ ಟರ್ಕಿಯ, ನಡುವೆ ಕುಳಿತುಬಿಡುತ್ತದೆ. ಇಂಥ ಕಡೆ ಹತ್ತುಷದಲ್ಲಿ ಖಾಲಿ ವೃತ್ತವನ್ನೂ ಮಿತನ್ನಿಯಲ್ಲಿ ತುಂಬಿದ ವೃತ್ತವನ್ನೂ ಇಟ್ಟು, ನಡುವೆ ಸಣ್ಣ ಗೆರೆ ಎಳೆಯುವುದು ನನಗೆ ಸರಿಯೆನಿಸಿದ ದಾರಿ.

ಋಗ್ವೇದಕ್ಕೆ ಸಮಕಾಲೀನ ಶಾಸನವಿಲ್ಲ. ಅದು ಬಾಯಿಂದ ಬಾಯಿಗೆ ಉಳಿದು ಬಂದದ್ದು. ಅದನ್ನು ಅದರೊಳಗಿನ ನದಿಗಳ ಮೂಲಕವೇ ನಕ್ಷೆಗೆ ತರಬೇಕು. ಕುಭಾ ಎಂದರೆ ಕಾಬೂಲ್ ನದಿ, ಕ್ರುಮು ಎಂದರೆ ಕುರ್ರಮ್, ಗೋಮತಿ ಎಂದರೆ ಗೋಮಲ್, ಸುವಾಸ್ತು ಎಂದರೆ ಸ್ವಾತ್. ಈ ನದಿಗಳನ್ನೂ ಸಿಂಧೂ ಮತ್ತು ಪಂಜಾಬಿನ ನದಿಗಳನ್ನೂ ಒಂದೇ ಬಣ್ಣದಲ್ಲಿ ಎದ್ದು ಕಾಣಿಸಿದರೆ, ಸೂಕ್ತಗಳ ಭೂಗೋಳ ತಾನಾಗಿಯೇ ಮೂಡುತ್ತದೆ. ಇದಕ್ಕೆ ವಿರುದ್ಧವಾದ ತೊಂದರೆ ಬಾಲ್ಟಿಕ್ ಮತ್ತು ಅಲ್ಬೇನಿಯನ್ ಭಾಷೆಗಳಲ್ಲಿದೆ. ಲಿಥುವೇನಿಯನ್ ಭಾಷೆಯ ಮೊದಲ ಮುದ್ರಿತ ಪುಸ್ತಕ 1547ರದು, ಅಲ್ಬೇನಿಯನ್ನಿನ ಖಚಿತವಾದ ಮೊದಲ ವಾಕ್ಯ 1462ರದು. ದಾಖಲೆ ತಡವಾಗಿ ಸಿಕ್ಕಿತೆಂದ ಮಾತ್ರಕ್ಕೆ ಭಾಷೆ ತಡವಾಗಿ ಬಂದಿತೆಂದಲ್ಲ. ಆದ್ದರಿಂದ ಚುಕ್ಕೆಯ ಪಕ್ಕದಲ್ಲಿ ಬರೆಯುವ ವರ್ಷಕ್ಕೆ 'ಮೊದಲ ದಾಖಲೆ' ಎಂಬ ಹೆಸರನ್ನೇ ಕೊಡಿ. 'ಆಗಮನ' ಎಂದು ಬರೆಯಬೇಡಿ.

ಬರಹವೇ ಇಲ್ಲದ ಕಡೆ ಊರು-ನದಿಗಳ ಹೆಸರೂ ಎರವಲು ಪದಗಳೂ ನೆರವಿಗೆ ಬರುತ್ತವೆ. ಡಾನ್, ನೀಪರ್, ನೀಸ್ಟರ್ ಎಂಬ ನದಿಗಳ ಹೆಸರಿನಲ್ಲಿ ನದಿಯೆಂಬ ಅರ್ಥದ 'ದಾನು' ಎಂಬ ಇರಾನೀ ಪದವನ್ನು ವಿದ್ವಾಂಸರು ಗುರುತಿಸುತ್ತಾರೆ. ಫಿನ್ನಿಶ್ ಇಂಡೋ-ಯುರೋಪಿಯನ್ ಅಲ್ಲದಿದ್ದರೂ ಅದರಲ್ಲಿ ನೂರಕ್ಕೆ 'ಸತ' ಎನ್ನುತ್ತಾರೆ, ಸುತ್ತಿಗೆಗೆ 'ವಸರ' ಎನ್ನುತ್ತಾರೆ. ಶತ ಮತ್ತು ವಜ್ರಗಳ ಪೂರ್ವರೂಪಗಳು ಫಿನ್ನಿಶ್ ಸೇರಿದ ಯುರಾಲಿಕ್ ಕುಟುಂಬದ ಭಾಷಿಕರ ಕಿವಿಗೆ ಬೀಳಬೇಕಾದರೆ ಇಂಡೋ-ಇರಾನಿಯನ್ ನುಡಿಯುವವರು ಒಂದು ಕಾಲದಲ್ಲಿ ಅವರ ನೆರೆಯಲ್ಲಿ, ಅಂದರೆ ಅರಣ್ಯವೂ ಹುಲ್ಲುಗಾವಲೂ ಕೂಡುವ ಅಂಚಿನಲ್ಲಿ, ಇದ್ದಿರಬೇಕು. ಆ ಅಂಚನ್ನು ತೆಳು ಪಟ್ಟಿಯಾಗಿ ಗುರುತಿಸಿ. ಎರವಲಿಗೂ ನೆಂಟಸ್ತಿಕೆಗೂ ಇರುವ ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಚಕ್ರವೆಂಬ ಪದ ಕನ್ನಡದಲ್ಲೂ ಇದೆಯೆಂದು ಕನ್ನಡವನ್ನು ಈ ನಕ್ಷೆಗೆ ಸೇರಿಸಲಾಗದು, ಏಕೆಂದರೆ ನಮ್ಮದು ಸಂಸ್ಕೃತದಿಂದ ಪಡೆದದ್ದು. ಗ್ರೀಕಿನ 'ಕುಕ್ಲೋಸ್' ಮತ್ತು ಇಂಗ್ಲಿಷಿನ 'ವೀಲ್' ಅದೇ ಮೂಲದಿಂದ ನೇರವಾಗಿ ಇಳಿದು ಬಂದವು.

ಎರಡನೆಯ ಪದರದಲ್ಲಿ ಪುರಾತತ್ತ್ವದ ಸಂಸ್ಕೃತಿಗಳನ್ನು ಬಿಡಿಸಬೇಕು. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್‌ಗಳ ಉತ್ತರದ ಯಾಮ್ನಾಯಾ ಸುಮಾರು ಕ್ರಿ.ಪೂ. 3300ರಿಂದ 2600, ಅಲ್ತಾಯ್ ಪ್ರದೇಶದ ಅಫನಾಸ್ಯೆವೊ ಹೆಚ್ಚುಕಡಿಮೆ ಅದೇ ಕಾಲ, ಉತ್ತರ ಮತ್ತು ಮಧ್ಯ ಯುರೋಪಿನ ಕಾರ್ಡೆಡ್ ವೇರ್ ಸುಮಾರು ಕ್ರಿ.ಪೂ. 2900ರಿಂದ, ಯುರಲ್ ಬೆಟ್ಟಗಳ ದಕ್ಷಿಣದಲ್ಲಿ ರಥಸಹಿತ ಗೋರಿಗಳಿರುವ ಸಿಂತಾಷ್ಟಾ ಸುಮಾರು ಕ್ರಿ.ಪೂ. 2100ರಿಂದ 1800. ಅಂಚುಗಳನ್ನು ಗೆರೆ ಹೊಡೆದಂತೆ ಬಿಡಿಸದೆ ಬಣ್ಣ ಕ್ರಮೇಣ ಮಾಸುವಂತೆ ಮಾಡಿ. ಇಲ್ಲಿ ಕೈಕೊಡುವುದು ಕಾಲಗಣನೆ. ಹಳೆಯ ವರದಿಗಳಲ್ಲಿ 'ಬಿಪಿ' ಎಂದು ಬರೆದ ರೇಡಿಯೊ ಕಾರ್ಬನ್ ಅಂಕೆಗಳಿರುತ್ತವೆ. ಅವು 1950ರಿಂದ ಹಿಂದಕ್ಕೆ ಎಣಿಸಿದವು, ಮೇಲಾಗಿ ಹಲವೊಮ್ಮೆ ನಿಜವಾದ ಪಂಚಾಂಗದ ವರ್ಷಗಳಿಗೆ ಸರಿದೂಗಿಸದೆ ಬಿಟ್ಟವು. 4500 ಬಿಪಿ ಎಂಬುದರಿಂದ 1950 ಕಳೆದು ಕ್ರಿ.ಪೂ. 2550 ಎಂದು ಬರೆದುಕೊಂಡರೆ ತಪ್ಪಾಯಿತು, ಸರಿದೂಗಿಸಿದ ಮೇಲೆ ಅದು ಕ್ರಿ.ಪೂ. 3350 ಮತ್ತು 3100ರ ನಡುವೆ ಬರುತ್ತದೆ. ಅಷ್ಟು ವ್ಯತ್ಯಾಸದಲ್ಲಿ ಯಾಮ್ನಾಯಾದ ಆರಂಭ ಅದರ ಅಂತ್ಯವಾಗಿಬಿಡುತ್ತದೆ. ಮೀನು ಹೆಚ್ಚಾಗಿ ತಿಂದವರ ಮೂಳೆಗಳು ಇದ್ದುದಕ್ಕಿಂತ ಹಳೆಯವಾಗಿ ಕಾಣುವ ದೋಷವೂ ಹುಲ್ಲುಗಾವಲಿನ ನದಿತೀರಗಳಲ್ಲಿ ಸಾಮಾನ್ಯ.

ಮೂರನೆಯದು ಡಿಎನ್‌ಎ ಪದರ. ಪ್ರಕಟವಾದ ಮಾದರಿಗಳ ಸ್ಥಳ, ಕಾಲ ಮತ್ತು ಹುಲ್ಲುಗಾವಲಿನ ವಂಶದ, ಅಂದರೆ ಯಾಮ್ನಾಯಾದಂಥ ಜನರಿಂದ ಬಂದ ವಂಶದ, ಪಾಲನ್ನು ಸಣ್ಣ ವೃತ್ತಗಳಲ್ಲಿ ತೋರಿಸಿ. ಜರ್ಮನಿಯ ಕಾರ್ಡೆಡ್ ವೇರ್ ಜನರ ವಂಶದಲ್ಲಿ ಸುಮಾರು ಮುಕ್ಕಾಲು ಪಾಲು ಯಾಮ್ನಾಯಾದಂಥವರದೆಂದು 2015ರ ಅಧ್ಯಯನ ತೋರಿಸಿತು. 2019ರಲ್ಲಿ ಪ್ರಕಟವಾದ, ಹರಿಯಾಣದ ಹರಪ್ಪಾ ನಾಗರಿಕತೆಯ ನೆಲೆ ರಾಖಿಗಢಿಯ ಮಾದರಿಯಲ್ಲಿ ಆ ವಂಶ ಇರಲಿಲ್ಲ. ಸ್ವಾತ್ ಕಣಿವೆಯ ಕ್ರಿ.ಪೂ. ಮೊದಲ ಸಹಸ್ರಮಾನದ ಆಸುಪಾಸಿನ ಗೋರಿಗಳಲ್ಲಿ ಇತ್ತು. ಈ ಪದರವನ್ನು ಭಾಷೆಯ ಪದರದ ಮೇಲೆ ಇಟ್ಟಾಗ ಹೊಂದದ ಕಡೆಗಳೇ ಹೆಚ್ಚು ಕಲಿಸುತ್ತವೆ. ಬಾಸ್ಕ್ ಜನರಲ್ಲಿಯೂ ಪ್ರಾಚೀನ ಎಟ್ರುಸ್ಕರಲ್ಲಿಯೂ ಹುಲ್ಲುಗಾವಲಿನ ವಂಶವಿದೆ, ಅವರ ಭಾಷೆಗಳು ಮಾತ್ರ ಇಂಡೋ-ಯುರೋಪಿಯನ್ ಅಲ್ಲ. ಕಂಚಿನ ಯುಗದ ಅನಟೋಲಿಯದಲ್ಲಿ ಆ ವಂಶ ಕಾಣುವುದೇ ಅಪರೂಪ, ಆದರೂ ಈ ಕುಟುಂಬದ ಅತ್ಯಂತ ಹಳೆಯ ಲಿಖಿತ ಕುರುಹುಗಳು ಅಲ್ಲಿಯವೇ: ಕುಲ್ತೆಪೆಯಲ್ಲಿ ಅಸ್ಸೀರಿಯದ ವರ್ತಕರು ಕ್ರಿ.ಪೂ. 1900ರ ಸುಮಾರಿಗೆ ಬರೆದಿಟ್ಟ ಫಲಕಗಳಲ್ಲಿ ಹಿಟ್ಟೈಟ್ ಹೆಸರುಗಳೂ ಪದಗಳೂ ಇವೆ.

ಈಗ ಬಾಣಗಳ ಸರದಿ. ಮೂರೂ ಪದರ ಒಪ್ಪುವ ಕಡೆ ತುಂಬು ಗೆರೆ, ಎರಡು ಒಪ್ಪುವ ಕಡೆ ತುಂಡು ಗೆರೆ, ಒಂದೇ ಇರುವ ಕಡೆ ಚುಕ್ಕಿಗೆರೆ ಎಂಬ ನಿಯಮವನ್ನು ಮೊದಲೇ ಬರೆದಿಟ್ಟುಕೊಂಡು ಅದರಂತೆ ನಡೆಯಿರಿ. ದಪ್ಪ ಬಾಣ ಸೈನ್ಯ ನುಗ್ಗಿದಂತೆ ಕಾಣುತ್ತದೆ. ಹತ್ತಾರು ತಲೆಮಾರುಗಳ ಕಾಲ ದನಕರುಗಳೊಂದಿಗೆ ಸರಿದ ಚಲನೆಗೆ ತೆಳುವಾದ, ಕವಲೊಡೆದ ಗೆರೆಗಳೇ ತಕ್ಕವು. ಕ್ರಿ.ಪೂ. 4000ದಿಂದ ಐನೂರು ವರ್ಷಗಳಿಗೊಂದರಂತೆ ಹಾಳೆಗಳನ್ನು ಮಾಡಿದರೆ ಒಂದೇ ನಕ್ಷೆಯಲ್ಲಿ ಎಲ್ಲವನ್ನೂ ತುಂಬುವ ಅವಸ್ಥೆ ತಪ್ಪುತ್ತದೆ. ಮೊದಲ ಹಾಳೆಯನ್ನು ಮಾತ್ರ ಎರಡಾಗಿ ಮಾಡಬೇಕಾಗುತ್ತದೆ. ಪುರಾತತ್ತ್ವಜ್ಞೆ ಮಾರಿಯಾ ಗಿಂಬುಟಾಸ್ 1956ರಲ್ಲಿ ಮುಂದಿಟ್ಟ ಹುಲ್ಲುಗಾವಲಿನ ಮೂಲ ಒಂದರಲ್ಲಿರಲಿ, ಪುರಾತತ್ತ್ವಜ್ಞ ಕಾಲಿನ್ ರೆನ್‌ಫ್ರೂ 1987ರಲ್ಲಿ ವಾದಿಸಿದ ಅನಟೋಲಿಯದ ರೈತರ ಮೂಲ ಇನ್ನೊಂದರಲ್ಲಿರಲಿ. ಡಿಎನ್‌ಎ ಬಂದ ಮೇಲೆ ತಕ್ಕಡಿ ಮೊದಲನೆಯದರ ಕಡೆಗೆ ವಾಲಿದೆಯೆಂಬುದು ನನ್ನ ಅಭಿಪ್ರಾಯ. ಆದರೆ ಅನಟೋಲಿಯದ ಭಾಷೆಗಳು ಅಲ್ಲಿಗೆ ಹೇಗೆ ತಲುಪಿದವೆಂಬುದು ತೀರ್ಮಾನವಾಗಿಲ್ಲ. ಕಾಕಸಸ್ ಮತ್ತು ಕೆಳ ವೋಲ್ಗಾಗಳ ನಡುವಿನ ಜನರನ್ನು ಯಾಮ್ನಾಯಾದವರಿಗೂ ಅನಟೋಲಿಯದ ಭಾಷಿಕರಿಗೂ ಸಮಾನ ಪೂರ್ವಜರೆಂದು ಸೂಚಿಸುವ 2025ರ ಅಧ್ಯಯನಕ್ಕೂ ಚುಕ್ಕಿಗೆರೆಯೊಂದನ್ನು ಕೊಡಿ.

ಕಡೆಯದಾಗಿ ತೊಖಾರಿಯನ್, ಈ ಕುಟುಂಬದ ಅಳಿದುಹೋದ ಒಂದು ಶಾಖೆ. ಅದರ ಹಸ್ತಪ್ರತಿಗಳು ತಾರಿಮ್ ಕೊಳ್ಳದ ಉತ್ತರದಂಚಿನ ಕೂಚ, ತುರ್ಫಾನ್‌ಗಳಲ್ಲಿ ಸಿಕ್ಕಿದವು, ಅವು ಕ್ರಿ.ಶ. ಮೊದಲ ಸಹಸ್ರಮಾನದ ಉತ್ತರಾರ್ಧದವು. ಅಫನಾಸ್ಯೆವೊದ ಅಂತ್ಯಕ್ಕೂ ಇವಕ್ಕೂ ನಡುವೆ ಸುಮಾರು ಮೂರು ಸಾವಿರ ವರ್ಷಗಳ ಮೌನವಿದೆ. ಆ ಮೌನವನ್ನು ತುಂಬಲು ತಾರಿಮ್‌ನ ಪ್ರಸಿದ್ಧ ಮಮ್ಮಿಗಳನ್ನು ಬಹುಕಾಲ ಬಳಸಲಾಗುತ್ತಿತ್ತು, ಆದರೆ ಅವುಗಳಲ್ಲಿ ಅತ್ಯಂತ ಹಳೆಯವು ಸ್ಥಳೀಯ ವಂಶದವೆಂದು 2021ರಲ್ಲಿ ತಿಳಿದುಬಂತು. ಹಾಗಾಗಿ ಅಲ್ತಾಯ್‌ನಿಂದ ಕೂಚದತ್ತ ಚುಕ್ಕಿಗೆರೆಯನ್ನೇ ಎಳೆಯಿರಿ, ಮಮ್ಮಿಗಳ ಚುಕ್ಕೆಗಳನ್ನು ಆ ಗೆರೆ ಮುಟ್ಟದಂತೆ ನೋಡಿಕೊಳ್ಳಿ.